ಚರ್ಚಿನಲ್ಲಿ ಬಾರದ ಪ್ರಾರ್ಥನೆ ಮರಗಳ ನಡುವೆ ಬರುತ್ತಿದೆ, ಇದು ತಪ್ಪಾ?

ಹೊಸಚಿಗುರು:
ಎಲ್ಲರಿಗೂ ವಂದನೆ. ಅಮ್ಮ ತೀರಿಕೊಂಡ ಮೇಲೆ ನನಗೆ ಪ್ರಾರ್ಥನೆ ಮಾಡೋಕೆ ಆಗುತ್ತಿಲ್ಲ. ಮಂಡಿಯೂರಿ ಕಣ್ಣು ಮುಚ್ಚಿದರೆ ಆಸ್ಪತ್ರೆಯ ಕೊನೆಯ ದಿನಗಳೇ ಬಂದು ನಿಲ್ಲುತ್ತವೆ. ಬೈಬಲ್ ತೆರೆದರೆ ಅಕ್ಷರ ಕಾಣುತ್ತದೆ, ಒಳಗೆ ಏನೂ ಇಳಿಯುವುದಿಲ್ಲ. ಆರಾಧನೆಯಲ್ಲಿ ಎಲ್ಲರೂ ಕೈಯೆತ್ತಿ ಹಾಡುವಾಗ ಎದ್ದು ಹೊರಗೆ ಹೋಗಿಬಿಡೋಣ ಅನ್ನಿಸುತ್ತದೆ.

ಆದರೆ ಬೆಳಿಗ್ಗೆ ಮರಗಳಿರುವ ಕಡೆ ಸುಮ್ನೆ ನಡೆಯೋಕೆ ಹೋದರೆ ಎದೆಯ ಭಾರ ಸ್ವಲ್ಪ ಇಳಿಯುತ್ತದೆ. ಅಲ್ಲಿ ಅಳು ಬರುತ್ತದೆ, ಅತ್ತ ಮೇಲೆ "ಅಪ್ಪಾ, ತಂದೆಯೇ" ಅಂತ ಒಂದೆರಡು ಮಾತು ತಾನಾಗಿಯೇ ಬಾಯಿಗೆ ಬರುತ್ತದೆ. ಇದನ್ನು ಸಭೆಯ ಹಿರಿಯರೊಬ್ಬರಿಗೆ ಹೇಳಿದೆ. "ಅದು ಬರೀ ಭಾವನೆ ಅಮ್ಮಾ, ದೇವರ ವಾಕ್ಯ ಬಿಟ್ಟು ಮರಗಿಡದಲ್ಲಿ ಸಮಾಧಾನ ಹುಡುಕೋದು ಅಪಾಯ" ಅಂದರು. ಪ್ರೀತಿಯಿಂದಲೇ ಹೇಳಿದ್ದು, ಗೊತ್ತು. ಆದರೂ ಈಗ ಅಲ್ಲಿಗೆ ಹೋಗುವಾಗಲೂ ಮನಸ್ಸಿನಲ್ಲಿ ಅಳುಕು. ಇಂಥದ್ದನ್ನು ಕಂಡವರು ಯಾರಾದರೂ ಇದ್ದೀರಾ?

ಎಮ್ಮಾವು_ದಾರಿ:
ಸಿಸ್ಟರ್, ಅಮ್ಮನ ವಿಷಯ ಓದಿ ತುಂಬಾ ಬೇಜಾರಾಯಿತು. ಬೈಬಲಿನ ಒಂದನೇ ಅರಸುಗಳು ಪುಸ್ತಕದ 19ನೇ ಅಧ್ಯಾಯ ಇನ್ನೊಮ್ಮೆ ನೋಡಿ. ನಿಮಗೆ ಓದೋಕೆ ಆಗದಿದ್ದರೆ ಯಾರಾದರೂ ಪಕ್ಕದಲ್ಲಿ ಕೂತು ಓದಲಿ. ಪ್ರವಾದಿ ಎಲೀಯ ಅಂದರೆ ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿದದ್ದನ್ನು ಕಣ್ಣಾರೆ ಕಂಡವನು. ಅಂಥವನೇ ಅಡವಿಗೆ ಓಡಿಹೋಗಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಅನ್ನುತ್ತಾನೆ. ದೇವರು ಗದರಲಿಲ್ಲ. ನಿನ್ನ ನಂಬಿಕೆ ಎಲ್ಲಿ ಹೋಯಿತು ಅಂತಲೂ ಕೇಳಲಿಲ್ಲ. ಮಲಗೋಕೆ ಬಿಟ್ಟರು. ದೂತ ಬಂದು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ, ಅವನು ತಿಂದು ಮತ್ತೆ ಮಲಗಿದ, ದೂತ ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ಆಮೇಲೆ 40 ದಿನ ನಡಿಗೆ. "ಇಲ್ಲೇನು ಮಾಡುತ್ತಿದ್ದೀ?" ಅನ್ನೋ ಪ್ರಶ್ನೆ ಬಂದಿದ್ದು ಅದೆಲ್ಲ ಮುಗಿದು ಹೋರೇಬ್ ಬೆಟ್ಟದ ಗವಿ ಸೇರಿದ ಮೇಲೆ. ನೀವಿನ್ನೂ ನಡೆಯುವ ದಿನಗಳಲ್ಲಿ ಇದ್ದೀರಿ ಅಷ್ಟೇ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಯೇಸು ಸ್ವಾಮಿ ಕೂಡ ಜನ ಜಾಸ್ತಿ ಸೇರುತ್ತಿದ್ದಾಗಲೂ ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದರು ಅಂತ ಲೂಕ 5:16ರಲ್ಲಿದೆ. ಜೀವ ಹೋಗುವಷ್ಟು ದುಃಖವಾದ ರಾತ್ರಿ ಅವರು ಹೋಗಿದ್ದು ಎಣ್ಣೆಮರಗಳ ಗುಡ್ಡಕ್ಕೆ, ತಮಗೆ ಮೊದಲಿಂದ ರೂಢಿಯಿದ್ದ ಜಾಗಕ್ಕೆ. ಇದನ್ನು ನಾವು ಗಮನಿಸೋದೇ ಇಲ್ಲ.

ವಾಕ್ಯದೀಪ:
ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಆ ಹಿರಿಯರ ಮಾತನ್ನೂ ಪೂರ್ತಿ ತಳ್ಳಿಹಾಕಬೇಡಿ. ಸೃಷ್ಟಿಕರ್ತನನ್ನು ಬಿಟ್ಟು ಸೃಷ್ಟಿಯನ್ನು ಪೂಜಿಸುವ ಬಗ್ಗೆ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 1:25ರಲ್ಲಿ ಎಚ್ಚರಿಸಿದ್ದಾನೆ. ಪ್ರಕೃತಿಯೇ ಸಾಕು, ದೇವರು, ಸಭೆ ಯಾವುದೂ ಬೇಡ ಅನ್ನೋ ಕಡೆ ಮನಸ್ಸು ಜಾರಬಹುದು. ಆದರೆ ಅದೇ ಅಧ್ಯಾಯದ 20ನೇ ವಚನ, ದೇವರ ಕಾಣದ ಗುಣಗಳು ಸೃಷ್ಟಿಯ ಮೂಲಕವೇ ತಿಳಿದುಬರುತ್ತವೆ ಅನ್ನುತ್ತದೆ. ಎರಡನ್ನೂ ಒಟ್ಟಿಗೆ ಓದಬೇಕು ಅಲ್ವಾ? ಹಳೆಯ ಕಾಲದ ಕ್ರೈಸ್ತ ಸಂತ ಅಗಸ್ಟೀನ್ ತನ್ನ ಆತ್ಮಕಥೆಯ 10ನೇ ಭಾಗದಲ್ಲಿ ಭೂಮಿ, ಸಮುದ್ರ, ಗಾಳಿ ಎಲ್ಲವನ್ನೂ ನೀನು ನನ್ನ ದೇವರಾ ಅಂತ ಕೇಳುತ್ತಾನೆ. ನಾವಲ್ಲ, ನಮ್ಮನ್ನು ಮಾಡಿದವನು ಆತನೇ ಅಂತ ಅವು ಹೇಳುತ್ತವೆ. ನಿಮ್ಮ ಬಾಯಿಗೂ ಅಲ್ಲಿ "ತಂದೆಯೇ" ಅಂತ ಬರುತ್ತಿದೆ, "ಮರವೇ" ಅಂತ ಅಲ್ಲ. ಹಾಗಾಗಿ ಹೆದರುವ ಕಾರಣ ನನಗೆ ಕಾಣುತ್ತಿಲ್ಲ.

ವಾಕ್ಯವನ್ನು ಬಿಡಬೇಡಿ, ಜೊತೆಗೆ ಕರೆದುಕೊಂಡು ಹೋಗಿ. ಉದ್ದ ಓದೋದು ಬೇಡ. ಕೀರ್ತನೆ 104ರಲ್ಲಿ ಒಂದೆರಡು ಸಾಲು ಸಾಕು. ಅಲ್ಲಿ ಕೊಕ್ಕರೆ ಗೂಡು ಕಟ್ಟುತ್ತದೆ, ಪ್ರಾಯದ ಸಿಂಹಗಳು ದೇವರ ಹತ್ತಿರ ಆಹಾರ ಕೇಳುತ್ತವೆ. ಸಿಟ್ಟು ಇದ್ದರೆ ಕೀರ್ತನೆ 88 ಇದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಬೈಬಲಿನಲ್ಲಿ ಅದಕ್ಕೆ ಜಾಗ ಸಿಕ್ಕಿದೆ.

ಕೇಳುವಕಿವಿ:
ನಾನು ಆಪ್ತಸಮಾಲೋಚನೆ ಮಾಡುವವಳು, ವಿಶ್ವಾಸಿಯೂ ಹೌದು. ನಿಮಗೆ ಆಗುತ್ತಿರುವುದು ಬರೀ ಭಾವನೆ ಅಲ್ಲ, ದೇಹಕ್ಕೂ ಅದರಲ್ಲಿ ಪಾಲಿದೆ. ದುಃಖದಲ್ಲಿ ಮನಸ್ಸು ಒಂದೇ ಯೋಚನೆಯನ್ನು ಮತ್ತೆ ಮತ್ತೆ ಅರೆಯುತ್ತದೆ. 2015ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಅಧ್ಯಯನವೊಂದರಲ್ಲಿ ಕೆಲವರನ್ನು ಹುಲ್ಲು, ಮರಗಳಿರುವ ಕಡೆ, ಇನ್ನು ಕೆಲವರನ್ನು ವಾಹನ ಓಡಾಡುವ ರಸ್ತೆಯ ಪಕ್ಕ 90 ನಿಮಿಷ ನಡೆಸಿದರು. ಮರಗಳ ಕಡೆ ನಡೆದವರಲ್ಲಿ ಈ ಅರೆಯುವಿಕೆ ಕಡಿಮೆಯಾಯಿತು, ಅದಕ್ಕೆ ಸಂಬಂಧಿಸಿದ ಮಿದುಳಿನ ಒಂದು ಭಾಗದ ಚಟುವಟಿಕೆಯೂ ಇಳಿಯಿತು. ಆಸ್ಪತ್ರೆಯ ಚಿತ್ರಗಳು ನಿಮ್ಮನ್ನು ಸ್ವಲ್ಪ ಹೊತ್ತು ಬಿಟ್ಟಾಗ ಪ್ರಾರ್ಥನೆಗೆ ಜಾಗ ಸಿಗುತ್ತಿದೆ ಅಂತ ನನಗನ್ನಿಸುತ್ತದೆ.

ಒಂದು ಮಾತು ಮಾತ್ರ ನೇರವಾಗಿ ಹೇಳುತ್ತೇನೆ. ನಡಿಗೆ ಚಿಕಿತ್ಸೆಯ ಬದಲಿ ಅಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ದಯವಿಟ್ಟು ಡಾಕ್ಟರನ್ನು ನೋಡಿ. ಮಾತ್ರೆ ತೆಗೆದುಕೊಳ್ಳೋದು ನಂಬಿಕೆಯ ಕೊರತೆ ಅಂತ ಯಾರೇ ಹೇಳಿದರೂ ಕೇಳಬೇಡಿ.

ಗೋಧಿಕಾಳು:
ಎಲ್ಲರೂ ಪ್ರಕೃತಿ ಅಂದರೆ ಬರೀ ಹಸಿರು, ಹಕ್ಕಿ, ಸಮಾಧಾನ ಅನ್ನುತ್ತೀರಿ. ನನ್ನ ಮಗು ಹೋದಾಗ ಹೂವು ನೋಡಿದರೂ ಸಿಟ್ಟು ಬರುತ್ತಿತ್ತು, ಇಷ್ಟೆಲ್ಲ ಚೆನ್ನಾಗಿ ಅರಳೋಕೆ ಇದಕ್ಕೆ ಮನಸ್ಸಾದರೂ ಹೇಗೆ ಬರುತ್ತದೆ ಅಂತ. ನನಗೆ ಹತ್ತಿರವಾಗಿದ್ದು ಸಿಡಿಲು ಬಡಿದ ಮರ, ಒಣಗಿದ ಹೊಳೆ. ರೋಮಾಪುರದವರಿಗೆ 8ನೇ ಅಧ್ಯಾಯ ಹೇಳುವುದೂ ಅದನ್ನೇ. 22ನೇ ವಚನದಲ್ಲಿ ಸೃಷ್ಟಿಯೆಲ್ಲ ನರಳುತ್ತದೆ, 23ರಲ್ಲಿ ನಾವು ನರಳುತ್ತೇವೆ, 26ರಲ್ಲಿ ಪವಿತ್ರಾತ್ಮರೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾರೆ. ಮಾತು ಬರದಿದ್ದರೆ ಬೇಡ ತಾಯಿ. ನಿಮ್ಮ ಪ್ರಾರ್ಥನೆ ನಿಂತಿಲ್ಲ.

ಹೊಸಚಿಗುರು:
ಎಲ್ಲರ ಮಾತನ್ನೂ ಓದಿ ತುಂಬಾ ಅತ್ತೆ. ಗೋಧಿಕಾಳು ಅಕ್ಕ, ನಿಮ್ಮ ಮಗುವಿನ ವಿಷಯ ಬರೆದಿದ್ದಕ್ಕೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಇನ್ನೊಂದು ಕೇಳಬೇಕಿತ್ತು. ನಾನಾದರೂ ಹೊರಗೆ ಹೋಗುತ್ತೇನೆ, ಅಪ್ಪ ಕೋಣೆ ಬಿಟ್ಟು ಬರುತ್ತಿಲ್ಲ. ಮಂಡಿನೋವು ಬೇರೆ. ಅವರಿಗೆ ಏನು ಮಾಡಲಿ?

ಕೇಳುವಕಿವಿ:
ಅವರ ಕುರ್ಚಿಯನ್ನು ಮರವೋ ಆಕಾಶವೋ ಕಾಣುವ ಕಿಟಕಿಯ ಹತ್ತಿರ ಹಾಕಿ. ರೋಜರ್ ಉಲ್ರಿಚ್ ಅನ್ನುವವರು ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದವರ ದಾಖಲೆಗಳನ್ನು ನೋಡಿ 1984ರಲ್ಲಿ ಬರೆದರು. ಕಿಟಕಿಯಾಚೆ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ನೋವು ಇಳಿಸುವ ಬಲವಾದ ಔಷಧಿಯೂ ಅವರಿಗೆ ಕಡಿಮೆ ಬೇಕಾಯಿತು. ಚಿಕ್ಕ ಅಧ್ಯಯನ ಅದು, ದುಃಖದಲ್ಲಿರುವವರ ಮೇಲೆ ಮಾಡಿದ್ದೂ ಅಲ್ಲ, ಆದರೂ ಕುರ್ಚಿ ತಿರುಗಿಸೋದರಿಂದ ನಷ್ಟವೇನಿಲ್ಲ. ಒಂದು ಕುಂಡದ ಗಿಡ ಕೊಟ್ಟು ನೀರು ಹಾಕೋದು ಅವರ ಕೆಲಸ ಅಂತ ಬಿಡಿ. ಸದ್ಯಕ್ಕೆ ಪ್ರಾರ್ಥನೆ ಮಾಡಿ ಅಂತ ಒತ್ತಾಯ ಬೇಡ. ಪಕ್ಕದಲ್ಲಿ ಕೂತು ಅಮ್ಮನ ಬಗ್ಗೆ ಮಾತಾಡಿ, ಅವರು ಅತ್ತರೆ ಅಳಲಿ. ಊಟ ತೀರಾ ಕಡಿಮೆಯಾಗಿದ್ದರೆ ಈ ವಾರವೇ ಡಾಕ್ಟರಿಗೆ ತೋರಿಸಿ, ಮಂಡಿನೋವನ್ನೂ ಆಗಲೇ ಕೇಳಿ.