8 ಗಂಟೆಯೋ 12 ಗಂಟೆಯೋ? ನರ್ಸ್‌ಗಳ ಶಿಫ್ಟ್ ಬಗ್ಗೆ ಕೇಳಿ, ಹೇಳುತ್ತೇನೆ

ಮೊದಲು ನನ್ನ ಬಗ್ಗೆ ಎರಡು ಸಾಲು. ನರ್ಸ್ ಕೆಲಸಕ್ಕೆ ಸೇರಿ 22 ವರ್ಷವಾಯಿತು. ಮೊದಲ 9 ವರ್ಷ 8 ಗಂಟೆಯ ಮೂರು ಪಾಳಿ, ಆಮೇಲೆ ಬರೀ 12 ಗಂಟೆ. ವಾರ್ಡ್, ಐಸಿಯು ಎರಡೂ ಕಡೆ ಇದ್ದೆ. ಈಗ ಇನ್‌ಚಾರ್ಜ್ ಆಗಿ ರೋಸ್ಟರ್, ಅಂದರೆ ಯಾರಿಗೆ ಯಾವಾಗ ಡ್ಯೂಟಿ ಅನ್ನುವ ಪಟ್ಟಿ, ಹಾಕುವವಳೂ ನಾನೇ. ಹಾಗಾಗಿ ಮೇಲಿನವರು, ಕೆಳಗಿನವರು ಇಬ್ಬರ ಹತ್ತಿರವೂ ಬೈಸಿಕೊಳ್ಳುತ್ತೇನೆ. ಕೇಳಿ.

ಪ್ರಶ್ನೆ (ಮೆಡಿಕಲ್ ವಾರ್ಡ್ ಸ್ಟಾಫ್ ನರ್ಸ್, ಸೇರಿ ಮೂರು ವರ್ಷ): ಸಿಸ್ಟರ್, ನಮ್ಮಲ್ಲಿ 8 ಗಂಟೆಯ ಮೂರು ಶಿಫ್ಟ್ ತೆಗೆದು 12 ಗಂಟೆಯ ಎರಡು ಶಿಫ್ಟ್ ಮಾಡುತ್ತಾರಂತೆ. ವಾರಕ್ಕೆ ಮೂರೇ ದಿನ ಡ್ಯೂಟಿ, ನಾಲ್ಕು ದಿನ ಆಫ್ ಅಂದಾಗ ಎಲ್ಲರೂ ಖುಷಿಪಟ್ಟರು. ನನಗೆ ಮಾತ್ರ ಅನುಮಾನ. ನಾನೇ ತಪ್ಪು ಯೋಚಿಸುತ್ತಿದ್ದೇನಾ?

ಉತ್ತರ: ಇಲ್ಲ, ಅನುಮಾನ ಸರಿಯಾಗಿಯೇ ಇದೆ. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ.

ಬೆಳಿಗ್ಗೆ 7ಕ್ಕೆ ಡ್ಯೂಟಿ ಅಂದರೆ 6.45ಕ್ಕೆ ವಾರ್ಡಿನಲ್ಲಿರಬೇಕು. ಸಂಜೆ 7ಕ್ಕೆ ಬಿಡುಗಡೆ ಅನ್ನುವುದು ಕಾಗದದ ಮೇಲೆ. ಮುಂದಿನ ಪಾಳಿಯವರಿಗೆ ರೋಗಿಗಳ ವಿವರ ಒಪ್ಪಿಸುವ ಹ್ಯಾಂಡೋವರ್ ಮುಗಿಯುವಾಗ 7.30. ಸರಿಯಾಗಿ ಆ ಹೊತ್ತಿಗೇ ಒಬ್ಬರಿಗೆ ವಾಂತಿ, ಇನ್ನೊಬ್ಬರ ಡ್ರಿಪ್ ನಿಂತಿರುತ್ತದೆ. ಬರೆಯುವುದು ಬಾಕಿ. ಹೊರಗೆ ಬರುವಾಗ 8 ಗಂಟೆ. ದಾರಿಗೆ ಒಂದೊಂದು ಗಂಟೆ ಹಿಡಿದರೆ, 5ಕ್ಕೆ ಎದ್ದವರು ಮನೆ ಸೇರುವುದು ರಾತ್ರಿ 9ಕ್ಕೆ. ಸ್ನಾನ, ಊಟ, ಮನೆಯವರ ಜೊತೆ ನಾಲ್ಕು ಮಾತು ಆಗುವಾಗ 10.30. ಮತ್ತೆ 5ಕ್ಕೆ ಅಲಾರಂ. ಆರೂವರೆ ಗಂಟೆ ನಿದ್ದೆ, ಅದೂ ಮಲಗಿದ ತಕ್ಷಣ ನಿದ್ದೆ ಹತ್ತಿದರೆ. ಹತ್ತುವುದಿಲ್ಲ, ನಿಮಗೇ ಗೊತ್ತಲ್ಲ. ಕಿವಿಯಲ್ಲಿ ಮಾನಿಟರ್ ಇನ್ನೂ ಕೂಗುತ್ತಿರುತ್ತದೆ.

ಡ್ಯೂಟಿ ಇರುವ ಮೂರು ದಿನ ಮನೆ ಅಂದರೆ ಮಲಗುವ ಜಾಗ, ಅಷ್ಟೆ. ನಾಲ್ಕು ಆಫ್‌ನಲ್ಲಿ ಮೊದಲನೆಯದು ನಿದ್ದೆಗೆ ಹೋಗುತ್ತದೆ. ನೈಟ್ ಆದರೆ ಲೆಕ್ಕ ಇನ್ನೂ ಕೆಡುತ್ತದೆ. ನೈಟ್ ಮುಗಿಸಿ ಬೆಳಿಗ್ಗೆ 8ಕ್ಕೆ ಹೊರಬಿದ್ದ ದಿನವನ್ನೂ ‘ಆಫ್’ ಅಂತ ಬರೆದ ರೋಸ್ಟರ್‌ಗಳನ್ನು ನಾನು ನೋಡಿದ್ದೇನೆ. ನಾನೂ ಒಂದು ಕಾಲದಲ್ಲಿ ಹಾಗೆ ಬರೆದಿದ್ದೇನೆ, ಸುಳ್ಳೇಕೆ ಹೇಳಲಿ. ಅದು ಆಫ್ ಅಲ್ಲ. ಹಿಂದಿನ ರಾತ್ರಿಯದೇ ಬಾಲ.

ಶಿಫ್ಟ್ ಬದಲಾಗುವ ಮೊದಲು ನಿಮ್ಮವರು ಕೇಳಬೇಕಾದ ಪ್ರಶ್ನೆ ಇದು: 12 ಗಂಟೆಯ ಶಿಫ್ಟ್ ಅಂದರೆ ನಿಜವಾಗಿಯೂ 12 ಗಂಟೆ ಆದ ಕೂಡಲೇ ಬಿಡುತ್ತೀರಾ?

ಪ್ರಶ್ನೆ (ನರ್ಸಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ): ಉದ್ದ ಶಿಫ್ಟ್‌ನಲ್ಲಿ ತಪ್ಪುಗಳು ಜಾಸ್ತಿ ಆಗುತ್ತವೆ ಅನ್ನುವುದು ನಿಜವಾ, ಅಥವಾ ಹೆದರಿಸಲು ಹೇಳುತ್ತಾರಾ ಮೇಡಂ?

ಉತ್ತರ: ನಿಜ. ಅಮೆರಿಕದಲ್ಲಿ 393 ನರ್ಸ್‌ಗಳು ತಮ್ಮ 5,317 ಶಿಫ್ಟ್‌ಗಳ ಡೈರಿ ಬರೆದಿಟ್ಟಿದ್ದರು. ಆ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಹನ್ನೆರಡೂವರೆ ಗಂಟೆ ಅಥವಾ ಅದಕ್ಕೂ ಜಾಸ್ತಿ ದುಡಿದಾಗ ತಪ್ಪಾಗುವ ಸಂಭವ ಸುಮಾರು ಮೂರು ಪಟ್ಟು ಇತ್ತು. ನನಗೆ ಅದರಲ್ಲಿ ಹೆಚ್ಚು ನಾಟಿದ್ದು ಇನ್ನೊಂದು ಮಾತು. ಹೇಳಿದ ಸಮಯಕ್ಕೆ ಸರಿಯಾಗಿ ಮನೆಗೆ ಹೊರಟದ್ದು ಐದು ಶಿಫ್ಟ್‌ಗಳಲ್ಲಿ ಒಂದಕ್ಕಿಂತಲೂ ಕಡಿಮೆ. ಅಂದರೆ 12 ಗಂಟೆ ಹನ್ನೆರಡೂವರೆ ಆಗುವುದು ಅಪರೂಪವೇನಲ್ಲ, ದಿನನಿತ್ಯದ ಸಂಗತಿ.

ನನ್ನದೇ ಒಂದು ಹೇಳುತ್ತೇನೆ. ಐಸಿಯುನಲ್ಲಿದ್ದಾಗ. ಸಂಜೆ 7.40, ನನ್ನ 13ನೇ ಗಂಟೆ. ಬದಲಿಗೆ ಬರಬೇಕಾದವರು ಬಂದಿರಲಿಲ್ಲ. ಇನ್ಸುಲಿನ್ ಪಂಪ್‌ಗೆ ಹೊಸ ಸಿರಿಂಜ್ ಹಾಕಿದೆ. ಗಂಟೆಗೆ 2 ಎಂಎಲ್ ಹೋಗಬೇಕಿತ್ತು. ಪರದೆಯ ಮೇಲೆ 20 ಇತ್ತು. ಒತ್ತಿದ್ದು ನಾನೇ. ಆಮೇಲೆ ಬಗ್ಗಿ ಓದಿಯೂ ನೋಡಿದೆ, 2 ಅಂತಲೇ ಓದಿದೆ! ಡಬಲ್ ಚೆಕ್‌ಗೆ, ಅಂದರೆ ಇನ್ನೊಬ್ಬರು ನೋಡಿ ಖಚಿತಪಡಿಸಲಿ ಅಂತ, ಕರೆದ ಹುಡುಗಿ ಮೆಲ್ಲಗೆ, “ಸಿಸ್ಟರ್, ಇದು ಇಪ್ಪತ್ತು” ಅಂದಳು. ಸ್ಟಾರ್ಟ್ ಇನ್ನೂ ಒತ್ತಿರಲಿಲ್ಲ. ಕೈ ಹಿಂದಕ್ಕೆ ತೆಗೆದು ಏಪ್ರನ್‌ಗೆ ಒರೆಸಿಕೊಂಡದ್ದು ಇವತ್ತಿಗೂ ನೆನಪಿದೆ, ಕೈ ಒದ್ದೆಯೇನೂ ಇರಲಿಲ್ಲ.

ಆ ಹುಡುಗಿ ಆಗಷ್ಟೇ ನೈಟ್ ಡ್ಯೂಟಿಗೆ ಬಂದವಳು. ಅವಳೂ ಬೆಳಿಗ್ಗೆಯಿಂದ ನನ್ನ ಜೊತೆಗೇ ಇದ್ದವಳಾಗಿದ್ದರೆ ಅವಳಿಗೂ 2 ಅಂತಲೇ ಕಂಡಿರುತ್ತಿತ್ತೇನೋ. ಅದಕ್ಕೇ ಹೇಳುವುದು, ಶಿಫ್ಟ್‌ನ ಕೊನೆಯ ಎರಡು ಗಂಟೆಯಲ್ಲಿ ಡಬಲ್ ಚೆಕ್‌ಗೆ ನಿಮ್ಮಷ್ಟೇ ಸುಸ್ತಾದವರನ್ನು ಕರೆಯಬೇಡಿ. ಸಾಧ್ಯವಾದರೆ ಹೊಸದಾಗಿ ಬಂದವರನ್ನು ಕರೆಯಿರಿ. ಅಂಕಿಯನ್ನು ನೀವು ಹೇಳಬೇಡಿ, ಅವರ ಬಾಯಲ್ಲಿ ಓದಿಸಿ.

ಪ್ರಶ್ನೆ (ಹತ್ತು ವರ್ಷದಿಂದ 12 ಗಂಟೆ ಮಾಡುತ್ತಿರುವವರು): ನೀವು ಹೆದರಿಸುತ್ತಿದ್ದೀರಿ ಅನಿಸುತ್ತದೆ ಅಕ್ಕ. ನನಗೆ 12 ಗಂಟೆಯೇ ಇಷ್ಟ. ವಾರಕ್ಕೆ ಐದು ಸಲ ಹೋಗಿಬರುವ ಕಷ್ಟವಿಲ್ಲ. ಮಗನ ಶಾಲೆಯ ಕೆಲಸ, ಅಪ್ಪನ ಡಾಕ್ಟರ್ ಭೇಟಿ ಎಲ್ಲ ಆಫ್ ದಿನ ಆಗುತ್ತದೆ. ಮತ್ತೆ 8 ಗಂಟೆಯ ಶಿಫ್ಟ್‌ಗೆ ಕರೆದರೆ ನಾನು ಹೋಗುವುದಿಲ್ಲ.

ಉತ್ತರ: ನೀವು ಹೇಳುವುದನ್ನು ಪೂರ್ತಿ ಒಪ್ಪುತ್ತೇನೆ. ನಾನೂ ವಾಪಸ್ ಹೋಗಲಾರೆ, ಅದೂ ನಿಜ! ರೋಗಿಯನ್ನು ಬೆಳಿಗ್ಗೆಯಿಂದ ರಾತ್ರಿವರೆಗೆ ಒಬ್ಬರೇ ನೋಡಿಕೊಂಡರೆ ಒಂದು ಹಿಡಿತ ಸಿಗುತ್ತದೆ. ಬೆಳಿಗ್ಗೆ ಹೇಗಿದ್ದರು, ಸಂಜೆ ಹೇಗಾದರು ಅನ್ನುವುದು ಕಣ್ಣೆದುರೇ ಇರುತ್ತದೆ. 8 ಗಂಟೆಯಲ್ಲಿ ಅದು ಅರ್ಧಕ್ಕೇ ಕೈಬಿಟ್ಟ ಹಾಗೆ.

ಆದರೆ ಇಷ್ಟಪಡುವುದು ಬೇರೆ, ಸವೆಯುವುದು ಬೇರೆ. 2012ರಲ್ಲಿ ಅಮೆರಿಕದ ನಾಲ್ಕು ರಾಜ್ಯಗಳ 22,275 ನರ್ಸ್‌ಗಳ ಮೇಲೆ ಒಂದು ದೊಡ್ಡ ಅಧ್ಯಯನ ಬಂತು. ಅವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ತಮ್ಮ ಆಸ್ಪತ್ರೆಯ ಶಿಫ್ಟ್ ವ್ಯವಸ್ಥೆ ಬಗ್ಗೆ ತೃಪ್ತಿ ಇದೆ ಅಂದರು. ಅದೇ ಅಧ್ಯಯನದಲ್ಲಿ, 10 ಗಂಟೆ ಅಥವಾ ಅದಕ್ಕೂ ಉದ್ದದ ಶಿಫ್ಟ್ ಮಾಡುವವರು ಕೆಲಸದಿಂದ ಪೂರ್ತಿ ಬಳಲಿಹೋಗುವ ಸಂಭವ ಉಳಿದವರಿಗಿಂತ ಎರಡೂವರೆ ಪಟ್ಟಿನವರೆಗೂ ಹೆಚ್ಚಿತ್ತು. 13 ಗಂಟೆ ದಾಟಿದವರು ಜಾಸ್ತಿ ಇದ್ದ ಕಡೆ ರೋಗಿಗಳೂ ಬೇಸರ ಹೇಳಿಕೊಂಡರು. ತೃಪ್ತಿ, ಬಳಲಿಕೆ ಎರಡನ್ನೂ ಹೇಳಿದ್ದು ಅದೇ ನರ್ಸ್‌ಗಳು. ನಮ್ಮನ್ನು ನೋಡಿದರೆ ಇದು ಆಶ್ಚರ್ಯವೇ ಅಲ್ಲ, ಅಲ್ವಾ? ಆಫ್ ದಿನದ ಆಸೆಗೆ ನಾವು ಉಳಿದದ್ದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ನಿಮಗೆ ಒಂದೇ ಒಂದು ಕೇಳುತ್ತೇನೆ. ಕಳೆದ ತಿಂಗಳ ಆಫ್ ದಿನಗಳಲ್ಲಿ ಮಗನದ್ದಲ್ಲ, ಅಪ್ಪನದ್ದಲ್ಲ, ನಿಮ್ಮದು ಅಂತ ಎಷ್ಟು ಸಿಕ್ಕಿತು? ಇಲ್ಲಿ ಉತ್ತರಿಸುವುದು ಬೇಡ.

ಪ್ರಶ್ನೆ (ಐಸಿಯು ನರ್ಸ್‌ನ ಗಂಡ): ಮೇಡಂ, ನಾನು ಈ ಕೆಲಸದವನಲ್ಲ. ನನ್ನ ಹೆಂಡತಿ ಡ್ಯೂಟಿ ಮುಗಿಸಿ ಬಂದರೆ ಮಾತೇ ಆಡುವುದಿಲ್ಲ. ಏನು ಕೇಳಿದರೂ “ಹೂಂ” ಅನ್ನುತ್ತಾಳೆ. ಮೊದಲು ಜಗಳ ಅಂದುಕೊಂಡೆ. ಈಗ ಏನು ಮಾಡಬೇಕು ಅಂತಲೇ ಗೊತ್ತಾಗುತ್ತಿಲ್ಲ.

ಉತ್ತರ: ಕೇಳಿದ್ದು ತುಂಬ ಒಳ್ಳೆಯದಾಯಿತು ಸರ್. ಅದು ನಿಮ್ಮ ಮೇಲಿನ ಕೋಪವೇ ಆಗಿರಬೇಕಿಲ್ಲ. 12 ಗಂಟೆ ಅವರು ಒಂದೇ ಸಮನೆ ಮಾತಾಡಿರುತ್ತಾರೆ. ರೋಗಿಗೆ ಸಮಾಧಾನ, ರೋಗಿಯ ಮನೆಯವರಿಗೆ ಉತ್ತರ, ಡಾಕ್ಟರ್‌ಗೆ ವರದಿ, ಲ್ಯಾಬ್‌ಗೆ ಫೋನ್. ಜೊತೆಗೆ ನೂರಾರು ಸಣ್ಣ ತೀರ್ಮಾನ. ಮನೆಗೆ ಬಂದಾಗ “ರಾತ್ರಿ ಏನು ಅಡುಗೆ?” ಅಂದರೂ ಅದು ನೂರೊಂದನೇ ತೀರ್ಮಾನ.

ಬಂದ ಮೇಲೆ ಅರ್ಧ ಗಂಟೆ ಬಿಟ್ಟುಬಿಡಿ. ಮನೆಯ ತೀರ್ಮಾನಗಳನ್ನು, ಅದರಲ್ಲೂ ದುಡ್ಡಿನ ವಿಷಯ ಮತ್ತು ಮಕ್ಕಳ ವಿಷಯ, ಎರಡನೇ ಆಫ್ ದಿನಕ್ಕೆ ಇಟ್ಟುಕೊಳ್ಳಿ. ಮೊದಲನೆಯದಕ್ಕಲ್ಲ. ನೈಟ್ ಮುಗಿಸಿ ಬಂದವರಿಗೆ ಹಗಲು ಕತ್ತಲೆ ಕೋಣೆ ಬೇಕು, ಫೋನ್ ಬೇರೆ ಕೋಣೆಯಲ್ಲಿರಬೇಕು, ಬಾಗಿಲಿಗೆ ಬಂದವರನ್ನು ಬೇರೆಯವರು ಮಾತಾಡಿಸಬೇಕು. “ಹೇಗೂ ಮನೆಯಲ್ಲೇ ಇದ್ದೀಯಲ್ಲ” ಅನ್ನುವ ಮಾತು ಮಾತ್ರ ಬೇಡ.

ನನ್ನ ಮಗಳು ನಾಲ್ಕನೇ ವಯಸ್ಸಿಗೇ ಚಿಲಕ ಸದ್ದಾಗದ ಹಾಗೆ ಬಾಗಿಲು ಹಾಕುವುದನ್ನು ಕಲಿತಳು. ಒಂದು ಕೈಯಲ್ಲಿ ಬಾಗಿಲು ಒತ್ತಿ ಹಿಡಿದು, ಇನ್ನೊಂದರಲ್ಲಿ ಚಿಲಕವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿದ್ದಳು. ನಾನು ಎಚ್ಚರವಾಗಿಯೇ ಇದ್ದು ನೋಡಿದ್ದೇನೆ. ಎಲ್ಲರೂ ಮೆಚ್ಚುತ್ತಿದ್ದರು, ಎಷ್ಟು ಜಾಣೆ ಅಂತ. ನನಗೆ ಮಾತ್ರ ಅದನ್ನು ನೋಡಿದಾಗ ಖುಷಿಯಾಗುತ್ತಿರಲಿಲ್ಲ.

ಪ್ರಶ್ನೆ (ನರ್ಸಿಂಗ್ ಸೂಪರಿಂಟೆಂಡೆಂಟ್): ಆಡಳಿತದ ಕಡೆಯಿಂದ ಕೇಳುತ್ತೇನೆ. 12 ಗಂಟೆಯಾದರೆ ದಿನಕ್ಕೆ ಮೂರರ ಬದಲು ಎರಡೇ ಹ್ಯಾಂಡೋವರ್. ರೋಸ್ಟರ್ ಸುಲಭ. ಸ್ಟಾಫ್ ಕೂಡ ಬೇಕು ಅನ್ನುತ್ತಾರೆ. ಹಾಗಿದ್ದರೆ ತೊಂದರೆ ಎಲ್ಲಿ?

ಉತ್ತರ: ಹ್ಯಾಂಡೋವರ್ ಕಡಿಮೆಯಾದರೆ ಮಾಹಿತಿ ಕಳೆದುಹೋಗುವ ಸಂದರ್ಭವೂ ಕಡಿಮೆಯಾಗುತ್ತದೆ, ಒಪ್ಪಿದೆ ಮೇಡಂ. ಆದರೆ 8 ಗಂಟೆಯ ಪದ್ಧತಿಯಲ್ಲಿ ಮಧ್ಯಾಹ್ನ ಎರಡು ತಂಡ ಒಟ್ಟಿಗೆ ಇರುವ ಸ್ವಲ್ಪ ಹೊತ್ತು ಇರುತ್ತಿತ್ತು. ಹೊಸಬರಿಗೆ ಕಲಿಸುವುದು, ಊಟಕ್ಕೆ ಬಿಡುವುದು, ಮೀಟಿಂಗ್ ಎಲ್ಲ ಅದರಲ್ಲೇ ಆಗುತ್ತಿತ್ತು. ಅದು ಹೋಯಿತು. ಇನ್ನೊಂದು ರಜೆಯ ವಿಷಯ. ಒಬ್ಬರು ಬರಲಿಲ್ಲ ಅಂದರೆ 8 ಗಂಟೆಯಲ್ಲಿ ಹಿಂದಿನವರು 4 ಗಂಟೆ ನಿಂತು, ಮುಂದಿನವರು 4 ಗಂಟೆ ಬೇಗ ಬಂದು ಹೇಗೋ ಮುಚ್ಚಬಹುದು. 12 ಗಂಟೆಯಲ್ಲಿ ಅದೇ ಉಪಾಯ ಮಾಡಿದರೆ ಒಬ್ಬೊಬ್ಬರದ್ದೂ 18 ಗಂಟೆ!

ಯುರೋಪಿನ 12 ದೇಶಗಳ 31,627 ನರ್ಸ್‌ಗಳನ್ನು ಕೇಳಿದ ಅಧ್ಯಯನ 2014ರಲ್ಲಿ ಬಂತು. 12 ಗಂಟೆ ಮತ್ತು ಮೇಲಿನ ಶಿಫ್ಟ್ ಮಾಡಿದವರು, ಆರೈಕೆಯ ಗುಣಮಟ್ಟ ಚೆನ್ನಾಗಿಲ್ಲ, ಮಾಡಬೇಕಾದ ಕೆಲಸ ಬಾಕಿ ಉಳಿಯುತ್ತಿದೆ ಅಂತ ಹೆಚ್ಚಾಗಿ ಹೇಳಿದರು. ಬಾಕಿ ಉಳಿಯುವುದು ಯಾವುದು ಅಂತ ನಮಗೆ ಗೊತ್ತು. ಔಷಧಿ ಬಾಕಿಯಾದರೆ ಯಾರಾದರೂ ಕೇಳುತ್ತಾರೆ. ರೋಗಿಯ ಪಕ್ಕ ಐದು ನಿಮಿಷ ಕೂರುವುದು, ಬಾಯಿ ಸ್ವಚ್ಛ ಮಾಡುವುದು, ಮಗ್ಗುಲು ಬದಲಿಸುವುದು ಬಾಕಿಯಾದರೆ ಯಾರೂ ಕೇಳುವುದಿಲ್ಲ.

12 ಗಂಟೆ ಇಡುವುದಾದರೆ ಇಡಿ. ಆದರೆ ಸಾಲಾಗಿ ಮೂರಕ್ಕಿಂತ ಜಾಸ್ತಿ ಹಾಕಬೇಡಿ. ನೈಟ್ ಸಾಲು ಮುಗಿದ ಮೇಲೆ, ಮನೆಗೆ ಬಂದ ದಿನ ಬಿಟ್ಟು ಎರಡು ಪೂರ್ತಿ ದಿನ ಕೊಡಿ. ಊಟದ ಬಿಡುವಿಗೆ ಬದಲಿ ಯಾರು ಅಂತ ಹೆಸರು ಬರೆದಿಡಿ. ಹೆಸರಿಲ್ಲದ ಬಿಡುವು ಯಾರಿಗೂ ಸಿಗುವುದಿಲ್ಲ.

ಪ್ರಶ್ನೆ (ಸರ್ಜಿಕಲ್ ವಾರ್ಡ್): ನಮ್ಮಲ್ಲಿ 8 ಗಂಟೆಯೇ ಇದೆ, ಆದರೂ ಸುಸ್ತು ಹೋಗುತ್ತಿಲ್ಲ. ಈವ್ನಿಂಗ್ ಮುಗಿಸಿ ಮರುದಿನ ಬೆಳಿಗ್ಗೆ ಡ್ಯೂಟಿ ಹಾಕುತ್ತಾರೆ.

ಉತ್ತರ: ಸುಸ್ತಿಗೆ ಕಾರಣ ಅದೇ. ರಾತ್ರಿ 9ಕ್ಕೆ ಮುಗಿದು ಬೆಳಿಗ್ಗೆ 7ಕ್ಕೆ ಶುರುವಾದರೆ ನಡುವೆ 10 ಗಂಟೆ. ಹ್ಯಾಂಡೋವರ್, ದಾರಿ, ಊಟ ಕಳೆದರೆ ನಿದ್ದೆಗೆ ಐದು ಗಂಟೆ ಸಿಕ್ಕಿದರೆ ಪುಣ್ಯ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1977ರಲ್ಲೇ ನರ್ಸ್‌ಗಳ ಬಗ್ಗೆ ಒಂದು ಶಿಫಾರಸು ಮಾಡಿತ್ತು. ಎರಡು ಶಿಫ್ಟ್ ನಡುವೆ ಸತತ 12 ಗಂಟೆ ವಿರಾಮ ಇರಬೇಕು ಅಂತ ಅದರಲ್ಲಿದೆ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ದಿನಕ್ಕೆ ಕನಿಷ್ಠ 11 ಗಂಟೆ. ಇನ್‌ಚಾರ್ಜ್ ಹತ್ತಿರ ಹೋದಾಗ “ಸುಸ್ತಾಗಿದೆ” ಅನ್ನಬೇಡಿ, ಎಲ್ಲರೂ ಅದನ್ನೇ ಹೇಳುತ್ತಾರೆ. ಒಂದು ತಿಂಗಳ ರೋಸ್ಟರ್ ತೆಗೆದುಕೊಂಡು, ಹೀಗೆ ಈವ್ನಿಂಗ್ ಆದ ಮೇಲೆ ಮಾರ್ನಿಂಗ್ ಎಷ್ಟು ಸಲ ಬಂದಿದೆ ಅಂತ ಸುತ್ತು ಹಾಕಿ ತೋರಿಸಿ. ರೋಸ್ಟರ್ ಹಾಕುವವಳಾಗಿ ಹೇಳುತ್ತೇನೆ, ಸುತ್ತು ಹಾಕಿದ ಹಾಳೆಗೆ ನಮ್ಮ ಹತ್ತಿರ ಸುಲಭದ ಉತ್ತರ ಇರುವುದಿಲ್ಲ.

ಪ್ರಶ್ನೆ (ಎಮರ್ಜೆನ್ಸಿ ನರ್ಸ್): ನೈಟ್ ಮುಗಿಸಿ ಸ್ಕೂಟರ್‌ನಲ್ಲಿ ಮನೆಗೆ ಬರುವಾಗ ದಾರಿಯಲ್ಲಿ ಒಂದು ಸಿಗ್ನಲ್ ದಾಟಿದ್ದೇ ನೆನಪಿರಲಿಲ್ಲ. ಕಾಫಿ ಕುಡಿದಿದ್ದೆ. ಇದಕ್ಕೆ ಏನು ಮಾಡುವುದು?

ಉತ್ತರ: ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 17 ಗಂಟೆ ಎಚ್ಚರವಿದ್ದವರ ಕೈ–ಕಣ್ಣಿನ ಹಿಡಿತ, ರಕ್ತದಲ್ಲಿ ಶೇ. 0.05 ಆಲ್ಕೋಹಾಲ್ ಇರುವವರಷ್ಟೇ ಕುಸಿದಿರುತ್ತದೆ ಅಂತ 1997ರ ಒಂದು ಪ್ರಯೋಗ ತೋರಿಸಿತು. 24 ಗಂಟೆಗೆ ಅದು ಶೇ. 0.10ರ ಮಟ್ಟ. ನೈಟ್‌ಗೆ ಮೊದಲು ಮಧ್ಯಾಹ್ನ ಮಲಗದೆ ಬಂದಿದ್ದರೆ ಬೆಳಿಗ್ಗೆ ನೀವು ಆ ಮಟ್ಟದಲ್ಲೇ ಇರುತ್ತೀರಿ.

ಹೊರಡುವ ಮೊದಲು ಡ್ಯೂಟಿ ರೂಮಿನಲ್ಲಿ 20 ನಿಮಿಷ ಮಲಗಿ. ಎದ್ದು ಮಂಪರು ಬಿಡುವವರೆಗೆ ಸ್ವಲ್ಪ ಓಡಾಡಿ, ಆಮೇಲೆ ಹೊರಡಿ. ಮೂರನೇ ನೈಟ್ ಆದ ಬೆಳಿಗ್ಗೆ ಮಾತ್ರ ಸ್ಕೂಟರ್ ಮುಟ್ಟಲೇಬೇಡಿ, ಬಸ್ಸೋ ಯಾರಾದರೂ ಕರೆದುಕೊಂಡು ಹೋಗುವುದೋ ನೋಡಿ. ಬೆಳಗಿನ ಕಾಫಿ ದಾರಿಯಲ್ಲಿ ನಿಮ್ಮನ್ನು ಕಾಯುವುದಿಲ್ಲ, ಮನೆಗೆ ಬಂದ ಮೇಲೆ ನಿದ್ದೆ ಕೆಡಿಸುತ್ತದೆ. ಅರ್ಧ ಕೆಫೀನ್ ದೇಹದಿಂದ ಹೋಗಲು ಸುಮಾರು 5 ಗಂಟೆ ಬೇಕು. ಕಾಫಿ ಬೇಕಿದ್ದರೆ ಶಿಫ್ಟ್‌ನ ಮೊದಲ ಅರ್ಧದಲ್ಲಿ ಮುಗಿಸಿ.

ಪ್ರಶ್ನೆ (ಮತ್ತೆ ಮೊದಲು ಕೇಳಿದವರು): ಸಿಸ್ಟರ್, ಕೊನೆಯದು. ಬದಲಿ ಬರಲಿಲ್ಲ, ನಿಂತುಕೋ ಅಂದರೆ ಇಲ್ಲ ಅನ್ನುವುದು ಹೇಗೆ? ರೋಗಿಯನ್ನು ಬಿಟ್ಟು ಹೋಗಲು ಆಗುವುದಿಲ್ಲವಲ್ಲ.

ಉತ್ತರ: ಬಿಟ್ಟು ಹೋಗಬಾರದು, ಸರಿ. ಆದರೆ ಸುಮ್ಮನೆ ನಿಲ್ಲಲೂಬೇಡಿ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2004ರಲ್ಲಿ ಹೇಳಿದ ಮಿತಿ 24 ಗಂಟೆಯಲ್ಲಿ 12, ಏಳು ದಿನದಲ್ಲಿ 60. ಅದನ್ನು ನೆನಪಿಟ್ಟುಕೊಂಡು ಹೀಗೆ ಹೇಳಿ: “ನನಗೆ 12 ಗಂಟೆ ಆಗಿದೆ. ಬದಲಿ ಬರುವವರೆಗೆ ರೋಗಿಗಳನ್ನು ನೋಡಿಕೊಳ್ಳುತ್ತೇನೆ. ಎಷ್ಟು ಹೊತ್ತಿಗೆ ಬರುತ್ತಾರೆ ಹೇಳಿ, ಡ್ರಿಪ್, ಪಂಪ್‌ಗಳ ಲೆಕ್ಕ ಬೇರೆಯವರಿಗೆ ಕೊಡಿ.” ಹೇಳಿದ್ದನ್ನು ಸಮಯದ ಜೊತೆ ರಿಜಿಸ್ಟರ್‌ನಲ್ಲಿ ಬರೆಯಿರಿ. ಮೊದಲ ಸಲ ಬೈಯುತ್ತಾರೆ. ಮೂರನೇ ಸಲದ ಹೊತ್ತಿಗೆ ಬದಲಿಯನ್ನು 6ಕ್ಕೇ ಹುಡುಕಲು ಶುರು ಮಾಡುತ್ತಾರೆ. ನನ್ನನ್ನೇ ಹಾಗೆ ದಾರಿಗೆ ತಂದಿದ್ದಾರೆ ನಮ್ಮ ವಾರ್ಡಿನ ಹುಡುಗಿಯರು.