ತೊಗಲುಗೊಂಬೆ ಉಳಿಸುವ ಕೆಲಸ ಕಲಿಯಲು ಇಂಗ್ಲೆಂಡಿಗೆ ಹೋಗಬೇಕು, ಯಾರಾದರೂ ಹಣ ಕೊಡುತ್ತಾರಾ?

ಕೊಪ್ಪಳದ ಗುಬ್ಬಿ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಕೊಪ್ಪಳ ತಾಲೂಕಿನವಳು, ವಯಸ್ಸು 27. ಇತಿಹಾಸದಲ್ಲಿ ಎಂ.ಎ. ಮುಗಿಸಿ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಆಗಿದ್ದೇನೆ. ಅಂದರೆ ವರ್ಷದಲ್ಲಿ ಕೆಲವು ತಿಂಗಳು ಸಂಬಳ, ಮಿಕ್ಕ ತಿಂಗಳು ರಜೆ ಎಂಬ ಹೆಸರಿನ ಉಪವಾಸ. ನಮ್ಮ ಓಣಿಯ ಹಿಂದಿನ ಸಾಲಿನಲ್ಲಿ ಗೊಂಬೆ ಆಡಿಸುವವರ ಮನೆ ಇದೆ. ಚಿಕ್ಕವಳಿದ್ದಾಗ ಅವರ ಆಟ ನೋಡುತ್ತಾ ಗೋಣಿಚೀಲದ ಮೇಲೇ ನಿದ್ದೆ ಹೋಗುತ್ತಿದ್ದೆ.

ಹೋದ ಮಳೆಗಾಲದಲ್ಲಿ ಆ ಮನೆಯ ತಾತ ಪೆಟ್ಟಿಗೆ ತೆಗೆದು ತೋರಿಸಿದರು. ರಾವಣ ನನ್ನ ಎದೆಮಟ್ಟ ಬರುತ್ತಾನೆ. ಹತ್ತು ತಲೆಯಲ್ಲಿ ಮೂರು ತಲೆ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಸುರುಳಿ ಸುತ್ತಿಕೊಂಡಿವೆ. ಮೊಣಕೈ ಹತ್ತಿರ ದಾರ ಕಟ್ಟಿದ ಕಡೆ ತೊಗಲು ಹರಿದಿದೆ. ಅದಕ್ಕೆ ಯಾರೋ ಸೈಕಲ್ ಪಂಕ್ಚರ್ ಹಚ್ಚುವ ಸೊಲ್ಯೂಷನ್ ಬಳಿದು ಅಂಟಿಸಿದ್ದಾರೆ. ಯಾರು ಅಂತ ಕೇಳಿದರೆ ತಾತನೇ! "ಏನು ಮಾಡೋದವ್ವಾ, ಅವತ್ತು ರಾತ್ರಿ ಆಟ ಇತ್ತು" ಅಂದರು. ತೀರಾ ಕೆಟ್ಟ ಗೊಂಬೆಯನ್ನು ಅವರು ಎಸೆಯಲ್ಲ, ಪೂಜೆ ಮಾಡಿ ಹೊಳೆಗೆ ಬಿಡುತ್ತಾರೆ. ಹಾಗೆ ಎಷ್ಟು ಹೊಳೆ ಸೇರಿವೆಯೋ.

ಇದನ್ನು ಸರಿಯಾಗಿ ರಿಪೇರಿ ಮಾಡುವ, ಇಡುವ ವಿದ್ಯೆ ಕಲಿಯಬೇಕು ಅಂತ ಆಸೆ. ಎರಡು ದೇಶಗಳ ನಡುವೆ ಕಲೆ, ಸಂಶೋಧನೆಯ ಸಂಬಂಧ ಬೆಳೆಯಲಿ ಅಂತ ಹಣ ಕೊಡುವ ಟ್ರಸ್ಟ್‌ಗಳು ಇವೆಯಂತೆ. ನನ್ನಂಥವರಿಗೆ ನಿಜವಾಗಿ ಕೊಡುತ್ತಾರಾ, ಇಲ್ಲ ದಿಲ್ಲಿ, ಬೆಂಗಳೂರಿನವರಿಗೆ ಮಾತ್ರವಾ? ಇಂಗ್ಲಿಷ್ ಓದಿದರೆ ಅರ್ಥ ಆಗುತ್ತೆ, ಮಾತಾಡುವಾಗ ತಡವರಿಸುತ್ತೇನೆ. ಒಬ್ಬ ಕನ್ಸಲ್ಟೆಂಟ್ "ಫಾರಿನ್ ಗ್ರಾಂಟ್ ಮಾಡಿಸಿಕೊಡ್ತೀನಿ, ಮೊದಲು 8 ಸಾವಿರ ಕಟ್ಟಿ" ಅಂತ ದಿನಾ ಫೋನ್ ಮಾಡುತ್ತಿದ್ದಾನೆ. ಕಟ್ಟಲಾ?

ಹಳೇ ಪೆನ್ಸಿಲ್ (ರಾಯಚೂರು):

ಮೊದಲು ಕೊನೇ ಪ್ರಶ್ನೆಗೆ ಉತ್ತರ: ಒಂದು ಪೈಸೆಯೂ ಕಟ್ಟಬೇಡಮ್ಮ. ಆ ನಂಬರ್ ಬ್ಲಾಕ್ ಮಾಡಿ ಮುಂದಿನದು ಓದು. ಈ ಟ್ರಸ್ಟ್‌ಗಳು ಮಧ್ಯವರ್ತಿ ಇಟ್ಟುಕೊಂಡು ಹಣ ಹಂಚಲ್ಲ.

ನಾನು ಹಸ್ತಪ್ರತಿಗಳ ಕೆಲಸ ಮಾಡುವವನು. ಕೆಲವು ವರ್ಷದ ಹಿಂದೆ ಇಂಥದ್ದೇ ಒಂದು ಸಣ್ಣ ಗ್ರಾಂಟ್ ಮೇಲೆ ಎರಡು ತಿಂಗಳು ಹೋಗಿ ಬಂದೆ. ನಿನ್ನ ಕೆಲಸಕ್ಕೆ ನೇರವಾಗಿ ಹೊಂದುವುದು ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್. ಇದರ ಕಥೆ ಚೆನ್ನಾಗಿದೆ. ಚಾರ್ಲ್ಸ್ ವ್ಯಾಲೇಸ್ ಕಲ್ಕತ್ತಾದಲ್ಲಿ ವ್ಯಾಪಾರ ಮಾಡಿ ದುಡ್ಡು ಮಾಡಿದ ಬ್ರಿಟಿಷ್ ಮನುಷ್ಯ, ಶಾ ವ್ಯಾಲೇಸ್ ಕಂಪನಿಯವನು. 1916ರಲ್ಲಿ ತೀರಿಕೊಂಡ. ದುಡ್ಡು ಬಂದದ್ದು ಈ ನೆಲದಿಂದ, ಹಾಗಾಗಿ ಆಸ್ತಿಯ ಒಂದು ಪಾಲು ವಾಪಸ್ ಇಲ್ಲಿಗೇ ಸೇರಲಿ ಅಂತ ಉಯಿಲು ಬರೆದಿದ್ದ. ಅಷ್ಟರಲ್ಲಿ ಒಂದು ದೇಶ ಇದ್ದದ್ದು ಹಲವು ದೇಶ ಆಯಿತು. ಕೊನೆಗೆ 1981ರಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಬರ್ಮಾ ಅಂತ ನಾಲ್ಕಕ್ಕೂ ಬೇರೆ ಬೇರೆ ಟ್ರಸ್ಟ್ ಮಾಡಿದರು. ಭಾರತದ ಟ್ರಸ್ಟು ಕಲೆ, ಪರಂಪರೆಯ ಸಂರಕ್ಷಣೆ, ಮಾನವಿಕ ವಿಷಯಗಳಲ್ಲಿ ಕೆಲಸ ಮಾಡುವ ಭಾರತೀಯರನ್ನು ಬ್ರಿಟನ್ನಿಗೆ ಕರೆಸಿಕೊಳ್ಳುತ್ತೆ. ವರ್ಷಗಟ್ಟಲೆ ಓದುವವರಿಗೆ ಒಂದು ಬಗೆ, ಕೆಲವು ವಾರದಿಂದ ಮೂರು ತಿಂಗಳವರೆಗೆ ಹೋಗಿ ಬರುವವರಿಗೆ ಇನ್ನೊಂದು. ನಿನಗೆ ಎರಡನೆಯದು ಸರಿ. ವಯಸ್ಸಿನ ಮಿತಿ, ಕೊನೇ ದಿನಾಂಕ ಎಲ್ಲ ಅವರ ವೆಬ್‌ಸೈಟಿನಲ್ಲೇ ನೋಡು, ಯಾರ ಬಾಯಿಮಾತೂ ನಂಬಬೇಡ, ನನ್ನದೂ ಸೇರಿ.

ಬೇರೆಯವೂ ಇವೆ. ಅಮೆರಿಕಕ್ಕೆ ಫುಲ್‌ಬ್ರೈಟ್. 1950ರ ಫೆಬ್ರವರಿಯಲ್ಲಿ ಒಪ್ಪಂದ ಆಗಿದ್ದು, 2008ರಿಂದ ಫುಲ್‌ಬ್ರೈಟ್-ನೆಹರೂ ಅಂತ ಹೆಸರು, ಎರಡೂ ಸರ್ಕಾರ ಸಮನಾಗಿ ಹಣ ಹಾಕುತ್ತವೆ. ಕೆನಡಾಕ್ಕೆ 1968ರ ಶಾಸ್ತ್ರಿ ಸಂಸ್ಥೆ. ಇವು ಸರ್ಕಾರದ ದುಡ್ಡು, ಹೆಚ್ಚಾಗಿ ವಿಶ್ವವಿದ್ಯಾಲಯದ ದಾರಿ. ನಿನಗೆ ಈಗಲೇ ಬೇಡ.

ಇನ್ನು ಮುಖ್ಯವಾದ ಮಾತು. "ನಮ್ಮ ಸಂಸ್ಕೃತಿ ಅಳಿಯುತ್ತಿದೆ, ಉಳಿಸಬೇಕು" ಅಂತ ಎರಡು ಪುಟ ಬರೆದರೆ ಯಾರೂ ಹಣ ಕೊಡಲ್ಲ. ಆ ತರಹದ ಅರ್ಜಿ ಅವರಿಗೆ ರಾಶಿ ಬಂದಿರುತ್ತೆ. ಯಾರ ಹತ್ತಿರ, ಯಾವ ಕೋಣೆಯಲ್ಲಿ, ಏನು ಕಲಿಯುತ್ತೀಯ ಅಂತ ಬೇಕು. ಅಲ್ಲಿನ ಒಂದು ಸಂಸ್ಥೆ "ಈಕೆ ಬರಲಿ, ನಾವು ಕಲಿಸುತ್ತೇವೆ" ಅಂತ ಪತ್ರ ಕೊಡಬೇಕು. ಆ ಪತ್ರ ಸಿಕ್ಕರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಪತ್ರ ಯಾರನ್ನು ಕೇಳುವುದು? ಎಲ್ಲರೂ ತಪ್ಪುವುದು ಇಲ್ಲೇ. ತೊಗಲು ಅಂದ ತಕ್ಷಣ ಚರ್ಮದವರ ಹತ್ತಿರ ಓಡಬೇಡ. ನಾರ್ಥಾಂಪ್ಟನ್ ಅಂತ ಬೂಟಿಗೆ ಹೆಸರಾದ ಊರು, ಅಲ್ಲಿ ಚರ್ಮದ ಸಂರಕ್ಷಣೆಗೆಂದೇ ಒಂದು ಕೇಂದ್ರ ಇದೆ, ಅವರನ್ನೂ ಕೇಳು. ಆದರೆ ಬೂಟಿನ ಚರ್ಮ ಹದ ಮಾಡಿದ್ದು. ನಿನ್ನ ರಾವಣ ಹದ ಮಾಡದ ಮೇಕೆ ತೊಗಲು. ಕೂದಲು ತೆಗೆದು, ಎಳೆದು ಕಟ್ಟಿ ಒಣಗಿಸಿದ್ದು, ಅದಕ್ಕೇ ದೀಪದ ಬೆಳಕು ಒಳಗಿಂದ ದಾಟಿ ಬರುತ್ತೆ. ಇದರ ಅಣ್ಣತಮ್ಮ ಅಂದರೆ ಯುರೋಪಿನವರು ಹಿಂದೆ ಪುಸ್ತಕ ಬರೆಯುತ್ತಿದ್ದ ಪಾರ್ಚ್‌ಮೆಂಟ್. ಎರಡೂ ಗಾಳಿಯ ತೇವ ಕುಡಿದು ಹಿಗ್ಗುತ್ತವೆ, ಒಣಗಿದಾಗ ಕುಗ್ಗುತ್ತವೆ, ಅದಕ್ಕೇ ಆ ಮೂರು ತಲೆ ಸುರುಳಿ ಸುತ್ತಿರುವುದು. ನೀರು ಚಿಮುಕಿಸಿ ಒತ್ತಿದರೆ ಬಣ್ಣ ಹೋಗುತ್ತೆ. ನಿಧಾನಕ್ಕೆ ತೇವ ಕೊಟ್ಟು ಬಿಡಿಸುವುದು ಪಾರ್ಚ್‌ಮೆಂಟ್ ಗೊತ್ತಿದ್ದವರ ಕೈಯ ಕೆಲಸ. ಈ ಒಂದು ಮಾತು ನಿನ್ನ ಅರ್ಜಿಯಲ್ಲಿ ಇರಲಿ. ವಿಷಯ ಗೊತ್ತಿರುವವಳು ಅಂತ ಅವರಿಗೆ ಆಗಲೇ ತಿಳಿಯುತ್ತೆ.

ಬಳ್ಳಾರಿ ಬಿಸಿಲು:

ಪೆನ್ಸಿಲ್ ಅಣ್ಣ ಹೇಳಿದ್ದು ಸರಿ. ನಾನು ಸ್ವಲ್ಪ ಖಾರ ಹಾಕುತ್ತೇನೆ.

"ಎರಡು ದೇಶಗಳ ಸಂಬಂಧ" ಅಂದಾಗಲೆಲ್ಲ ನನಗೆ ಒಂದು ನೆನಪಾಗುತ್ತೆ. ನಾನು ಹೈಸ್ಕೂಲಿನಲ್ಲಿದ್ದಾಗ ಹೊರದೇಶದವರೊಬ್ಬರು ನಮ್ಮ ಸೋದರತ್ತೆಯ ಊರಿಗೆ ಬಂದು ಹಂತಿ ಪದ ಹಾಡುವವರನ್ನು ಮೂರು ದಿನ ರೆಕಾರ್ಡ್ ಮಾಡಿದರು. ಅತ್ತೆ ರೊಟ್ಟಿ ಬಡಿದು ಹಾಕಿದ್ದೇ ಹಾಕಿದ್ದು. "ಕ್ಯಾಸೆಟ್ ಕಳಿಸುತ್ತೇವೆ" ಅಂದರು. ಅವತ್ತು ಹಾಡಿದ ಮೂವರೂ ಈಗ ಇಲ್ಲ. ಕ್ಯಾಸೆಟ್ಟೂ ಬರಲಿಲ್ಲ.

ಇದು ಹೊಸದೇನಲ್ಲ ಬಿಡಿ. ನಮ್ಮ ಸಂಗನಕಲ್ಲು ಗುಡ್ಡ ನೋಡಿ. 1872ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅಲ್ಲಿ ನವಶಿಲಾಯುಗದ ಕಲ್ಲು ಕೊಡಲಿಗಳನ್ನು ಗುರುತಿಸಿದ. ದೊಡ್ಡ ಮನುಷ್ಯ, ಇಲ್ಲ ಅನ್ನಲ್ಲ. ಆದರೆ ಅವನ ಸಂಗ್ರಹ 1904ರಲ್ಲಿ ಮದ್ರಾಸ್ ಮ್ಯೂಸಿಯಂ ಪಾಲಾಯಿತು. ಬಳ್ಳಾರಿ ಹುಡುಗ ತನ್ನೂರಿನ ಕೊಡಲಿ ನೋಡಲು ರೈಲು ಹತ್ತಬೇಕು.

ಈಗ ಇನ್ನೊಂದು ನೋಡಿ. ಅದೇ ಗುಡ್ಡದ ಸುತ್ತ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಕೇಂಬ್ರಿಜಿನ ನಿಕೋಲ್ ಬೋಯಿವಿನ್ ತಂಡದವರು ಕೂಡಿ ಕೆಲಸ ಮಾಡಿದರು. ಬಡಿದರೆ ಗಂಟೆಯ ಹಾಗೆ ದನಿ ಕೊಡುವ ಬಂಡೆಗಳ ಬಗ್ಗೆ 2004ರಲ್ಲಿ ಪತ್ರಿಕೆಯಲ್ಲಿ ಲೇಖನ ಬಂತು, ಪ್ರಪಂಚಕ್ಕೆಲ್ಲ ಗೊತ್ತಾಯಿತು. ಆ ಕಲ್ಲುಗಳಲ್ಲಿ ಗುಳಿ ಬಿದ್ದಿದೆ, ಅಲ್ಲಿಗೇ ಹೊಡೆಯಬೇಕು, ನಾನೇ ಹೊಡೆದು ಕೇಳಿದ್ದೇನೆ, ಟಣ್ ಅನ್ನುತ್ತೆ. ಪಕ್ಕದಲ್ಲೇ ಕ್ವಾರಿಯವರ ಕಾಟ ಬೇರೆ. ಮುಖ್ಯ ಏನಂದರೆ, ಕೋರಿಶೆಟ್ಟರ್ ಅವರ ಓಡಾಟದಿಂದ ಬಳ್ಳಾರಿಯಲ್ಲೇ ಮ್ಯೂಸಿಯಂ ಆಯಿತು. ಅದಕ್ಕೆ ಇಟ್ಟ ಹೆಸರೂ ಫೂಟ್‌ನದೇ, ಆದರೆ ಸಾಮಾನು ಇಲ್ಲೇ ಇದೆ.

ತಂಗಿ, ನಿನ್ನ ಅರ್ಜಿಯಲ್ಲೂ ಇದನ್ನು ಹಾಕು. ಮೂರು ತಿಂಗಳು ಕಲಿತು ಬಂದ ಮೇಲೆ ಆ ತಾತನ ಮನೆಗೆ ಏನು ಬರುತ್ತೆ? ಗೊಂಬೆ ಇಡಲು ಒಳ್ಳೆ ಪೆಟ್ಟಿಗೆ ಬರುತ್ತಾ, ಇಲ್ಲ ನಿನ್ನ ಹೆಸರಿನ ಮುಂದೆ ಒಂದು ಪದವಿ ಅಷ್ಟೇನಾ? ಕೋಪ ಮಾಡಿಕೊಳ್ಳಬೇಡ, ಕೇಳಲೇಬೇಕಾದ ಮಾತು.

ಲೆಕ್ಕದವ, ಗಂಗಾವತಿ:

ಒಂದು ಎಚ್ಚರಿಕೆ ಕೊಟ್ಟು ಹೋಗುತ್ತೇನೆ. ಗ್ರಾಂಟ್ ನಿಮ್ಮ ಕಲಿಕೆಗೆ, ನಿಮ್ಮ ಹೆಸರಿಗೆ ಬಂದು ಅಲ್ಲೇ ಖರ್ಚಾದರೆ ಒಂದು ದಾರಿ. ಆದರೆ ಉತ್ಸಾಹದಲ್ಲಿ "ತಾತನ ಮೇಳಕ್ಕೂ ಅಲ್ಲಿಂದಲೇ ಸ್ವಲ್ಪ ಹಣ ಕಳಿಸಿ" ಅಂತ ಕೇಳಬೇಡಿ. ಊರಿನ ಕಲಾ ಸಂಘ ಹೊರದೇಶದ ದೇಣಿಗೆ ತಗೊಳ್ಳಬೇಕಾದರೆ 2010ರ ಎಫ್‌ಸಿಆರ್‌ಎ ಕಾಯ್ದೆಯ ನೋಂದಣಿ ಬೇಕು. ನೋಂದಣಿಗೆ ಸಂಘ ಹುಟ್ಟಿ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಕೆಲಸಕ್ಕೆ ಖರ್ಚು ಮಾಡಿರಬೇಕು. ನಮ್ಮ ಕಡೆ ಯಾವ ಮೇಳ ಅಷ್ಟು ಖರ್ಚು ಮಾಡಿದೆ ಹೇಳಿ! ಹಣ ಬೀಳುವ ಖಾತೆಯೂ ದಿಲ್ಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಶಾಖೆಯಲ್ಲೇ ಇರಬೇಕು.

ಮೊದಲು ಒಂದು ದೊಡ್ಡ ಸಂಸ್ಥೆ ಹಣ ತಗೊಂಡು ಸಣ್ಣವರಿಗೆ ಹಂಚುತ್ತಿತ್ತು. 2020ರ ತಿದ್ದುಪಡಿ ಆದ ಮೇಲೆ ಅದೂ ಬಂದ್. ಆಡಳಿತದ ಖರ್ಚಿಗೂ 50ರ ಬದಲು ಶೇಕಡಾ 20 ಮಾತ್ರ. ಒಬ್ಬರು ತಿಳಿಯದೆ ಸಂಘದ ಮಾಮೂಲಿ ಖಾತೆಗೆ ಹೊರದೇಶದ ಗೆಳೆಯರಿಂದ ಹಣ ಹಾಕಿಸಿಕೊಂಡು ಎರಡು ವರ್ಷ ನನ್ನ ಟೇಬಲ್ ಮುಂದೆ ಕೂತಿದ್ದರು, ಅದಕ್ಕೇ ಹೇಳಿದೆ.

ಸಿಂಧನೂರು ಅಕ್ಕ:

ಇಂಗ್ಲಿಷ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡವ್ವಾ. ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರು ನಿಮ್ಮ ತಾಲೂಕಿನವರೇ, ದೇಶ ದೇಶ ತಿರುಗಿ ಗೊಂಬೆ ಆಡಿಸಿ ಬಂದರು, 2025ರಲ್ಲಿ ಪದ್ಮಶ್ರೀ ಬಂತು. ಅವರೇನು ಇಂಗ್ಲಿಷ್ ಕೋರ್ಸ್ ಮಾಡಿದ್ದರಾ?

ಮೊದಲು ಮನೆ ಹತ್ತಿರದ ಬಾಗಿಲು ತಟ್ಟು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನವರು ಕಲೆಯ ಸಂಶೋಧನೆಗೆ ಹಣ ಕೊಡುತ್ತಾರೆ, ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಅದರಲ್ಲಿ ಒಂದು ಸಣ್ಣ ಕೆಲಸ ಮಾಡಿ ಮುಗಿಸಿದರೆ, ಆಮೇಲೆ ಲಂಡನ್ನಿನವರಿಗೆ ತೋರಿಸಲು ಕೈಯಲ್ಲಿ ಏನಾದರೂ ಇರುತ್ತೆ. ಈಗ ನಿನ್ನ ಹತ್ತಿರ ಇರುವುದು ಆಸೆ ಮತ್ತು ಪಂಕ್ಚರ್ ಸೊಲ್ಯೂಷನ್ ಕಥೆ. ಕಥೆ ಮಾತ್ರ ಭಾರಿ ಚೆನ್ನಾಗಿದೆ.

ಕೊಪ್ಪಳದ ಗುಬ್ಬಿ:

ಎಲ್ಲರಿಗೂ ಧನ್ಯವಾದ. ಆ ನಂಬರ್ ಬ್ಲಾಕ್ ಮಾಡಿದೆ. ಬೇರೆ ನಂಬರಿನಿಂದ ಮಾಡಿ ಈಗ 5 ಸಾವಿರಕ್ಕೆ ಇಳಿದಿದ್ದಾನೆ.

ಬಿಸಿಲಣ್ಣ, ಕೋಪ ಬಂದಿಲ್ಲ, ಆದರೆ ಒಂದು ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಹೋಗಿ ತಾತನನ್ನೇ ಕೇಳಿದೆ, ನಾನು ಕಲಿತು ಬಂದರೆ ನಿಮಗೆ ಏನು ಬೇಕು ಅಂತ. ಅವರಿಗೆ ಗೊಂಬೆ ಮ್ಯೂಸಿಯಂಗೆ ಹೋಗುವುದು ಬೇಡ. "ಗಾಜಿನೊಳಗೆ ನಿಂತ ರಾಮ ಏನು ಮಾಡ್ತಾನ? ಆಡಬೇಕು" ಅಂದರು. ರಾವಣನ ಕೈ ಹರಿಯದ ಹಾಗೆ ಹೊಲಿಯುವುದು ಕಲಿತು ಮೊಮ್ಮಗನಿಗೆ ಹೇಳಿಕೊಟ್ಟರೆ ಸಾಕಂತೆ. ಹೊಳೆಗೆ ಬಿಡುವುದನ್ನು ಮಾತ್ರ ನಿಲ್ಲಿಸಲ್ಲ, ಬಿಡುವ ಮೊದಲು ಫೋಟೋ ತಕ್ಕೊ ಅಂದರು. ಹಾಗಾದರೆ ನಾನು ಕಲಿಯಬೇಕಾದ್ದು ಇಡುವ ವಿದ್ಯೆ ಅಲ್ಲ, ಆಡಿಸುವಾಗಲೂ ತಡೆಯುವಂಥ ರಿಪೇರಿ. ಇದನ್ನು ಯಾರಾದರೂ ಅಲ್ಲಿ ಕಲಿಸುತ್ತಾರಾ ಪೆನ್ಸಿಲ್ ಸರ್?

ಹಳೇ ಪೆನ್ಸಿಲ್ (ರಾಯಚೂರು):

ಈಗ ಅರ್ಜಿ ಹುಟ್ಟಿತು ನೋಡು. ಮ್ಯೂಸಿಯಂನವರಿಗೆ ಗೊತ್ತಿರುವುದು ಅಲುಗಾಡದ ಗೊಂಬೆ. ದಿನಾ ಆಡುವ ಗೊಂಬೆಯ ರಿಪೇರಿ ನಿನಗೂ ಅವರಿಗೂ ಹೊಸದು, ಅಂದರೆ ನೀನು ಬರೀ ಕೈಯಲ್ಲಿ ಹೋಗುತ್ತಿಲ್ಲ. ಇಮೇಲ್ ಹತ್ತು ಸಾಲು ಮೀರಬಾರದು. ಮೊದಲ ಸಾಲಿನಲ್ಲೇ ಮೊಣಕೈ ಹರಿದದ್ದು, ಪಂಕ್ಚರ್ ಸೊಲ್ಯೂಷನ್, ಎರಡೂ ಬರಲಿ. ಹರಿದ ಕಡೆಯ ಫೋಟೋ ಎರಡು: ಒಂದು ಮುಂದಿನಿಂದ ಬೆಳಕು, ಇನ್ನೊಂದು ಹಿಂದಿನಿಂದ. ಬ್ರಿಟಿಷ್ ಮ್ಯೂಸಿಯಂ ಕ್ಯಾಟಲಾಗ್ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತೆ, ಅವರು ಒಂದೊಂದು ವಸ್ತುವಿಗೆ ಏನೇನು ಬರೆದಿಡುತ್ತಾರೆ ನೋಡಿ ಅದೇ ರೀತಿ ಪಟ್ಟಿ ಮಾಡು: ಎತ್ತರ, ಅಗಲ, ಎಷ್ಟು ಕೀಲು, ಎಲ್ಲಿ ಹರಿದಿದೆ. ಐದು ಕಡೆ ಕಳಿಸಿದರೆ ಒಬ್ಬರು ಉತ್ತರ ಕೊಡಬಹುದು. ನನಗೆ ಏಳನೆಯವರು ಕೊಟ್ಟರು.

ಕೊಪ್ಪಳದ ಗುಬ್ಬಿ:

ಭಾನುವಾರ ಟೇಪು, ನೋಟ್‌ಬುಕ್ ಹಿಡಿದು ಹೋಗುತ್ತಿದ್ದೇನೆ. ಹಿಂದಿನಿಂದ ಬೆಳಕು ಬೇಕು ಅಂದಿದ್ದಕ್ಕೆ ತಾತ ಪರದೆಯನ್ನೇ ಕಟ್ಟುತ್ತಾರಂತೆ. ಓಣಿಯ ಹುಡುಗರಿಗೆ ಆಗಲೇ ಸುದ್ದಿ ಹೋಗಿದೆ, ಅಳತೆ ಮಾಡಲು ಬಿಡುತ್ತಾರೋ ಆಟ ಆಡಿಸಿ ಅಂತ ಕೂರುತ್ತಾರೋ ಗೊತ್ತಿಲ್ಲ.