‘ಮೊರಿತೂರಿ’ಗೆ ಕನ್ನಡದಲ್ಲಿ ಏನನ್ನೋಣ?

ಎರಡು ದಿನಗಳಿಂದ ಒಂದು ಲ್ಯಾಟಿನ್ ಸಾಲಿನಲ್ಲಿ ಸಿಕ್ಕಿಕೊಂಡಿದ್ದೇನೆ, ಬಲ್ಲವರು ಬಿಡಿಸಬೇಕು. ಕ್ರಿ.ಶ. 52ರಲ್ಲಿ ಇಟಲಿಯ ಫೂಕಿನುಸ್ ಸರೋವರದ ಮೇಲೆ ರೋಮಿನ ಕ್ಲಾಡಿಯಸ್ ಚಕ್ರವರ್ತಿ ನೌಕಾಯುದ್ಧದ ಪ್ರದರ್ಶನ ಏರ್ಪಡಿಸಿದ್ದ. ಹಡಗೇರಿದವರು ಕೂಗಿದ್ದನ್ನು ರೋಮನ್ ಚರಿತ್ರೆಕಾರ ಸ್ವೀಟೋನಿಯಸ್ ಹೀಗೆ ದಾಖಲಿಸಿದ್ದಾನೆ: ‘ಹಾವೆ ಇಂಪೆರಾತೊರ್, ಮೊರಿತೂರಿ ತೇ ಸಾಲೂತಂತ್.’ ಸ್ಥೂಲವಾಗಿ, ದೊರೆಯೇ, ಸಾಯಲಿರುವವರು ನಿನಗೆ ವಂದಿಸುತ್ತಾರೆ.

‘ಮೊರಿಯೊರ್’ ಎಂದರೆ ಸಾಯುತ್ತೇನೆ. ಅದರ ಕೃದಂತಗಳಲ್ಲಿ ‘ಮೊರಿಯೆನ್ಸ್’ ಸಾಯುತ್ತಿರುವ, ‘ಮೊರ್ತುಉಸ್’ ಸತ್ತ, ‘ಮೊರಿತೂರುಸ್’ ಇನ್ನು ಸಾಯಲಿರುವ; ಇದರ ಬಹುವಚನವೇ ‘ಮೊರಿತೂರಿ’. ಮೊದಲನೆಯದಕ್ಕೆ ಪ್ರಥಮಾ ಏಕವಚನದಲ್ಲಿ ಮೂರು ಲಿಂಗಕ್ಕೂ ಒಂದೇ ರೂಪ, ಷಷ್ಠಿಯಲ್ಲಿ ‘ಮೊರಿಯೆಂತಿಸ್’. ಉಳಿದೆರಡು ಉಸ್, ಅ, ಉಮ್ ಎಂದು ಲಿಂಗ ಹಿಡಿದು ನಡೆಯುತ್ತವೆ. ರೋಮನ್ ಕವಿ ವರ್ಜಿಲ್ ತನ್ನ ಕಾವ್ಯದ ದೀದೋ ರಾಣಿಯನ್ನು ‘ಮೊರಿತೂರ’ ಎಂದರೆ ಸಾಕು, ಸಾಯಲಿರುವವಳು ಹೆಣ್ಣೆಂದು ತಿಳಿಯುತ್ತದೆ. ನಮ್ಮ ‘ಸಾಯಲಿರುವ’ಕ್ಕೆ ‘ಅವಳು’ ಅಂಟಿದ ಮೇಲೆಯೇ ಲಿಂಗ, ವಚನ, ವಿಭಕ್ತಿ. ಅದೇನೂ ತೊಡಕಲ್ಲ.

ತೊಡಕಿರುವುದು ಕಾಲದಲ್ಲಿ. ‘ಸಾಯುವವರು’ ತೀರ ಸಡಿಲ. ಇಂದು ಸಾಯುವವರೋ ಎಂದಾದರೂ ಸಾಯುವವರೋ, ಹೇಳುವುದಿಲ್ಲ. ‘ಸಾಯಲಿರುವವರು’ ವ್ಯಾಕರಣಕ್ಕೆ ಸರಿ, ಆದರೆ ಆಮಂತ್ರಣ ಪತ್ರಿಕೆಯ ವಾಸನೆ: ಮಾನ್ಯ ಸಚಿವರು ಉದ್ಘಾಟಿಸಲಿದ್ದಾರೆ, ನಾವು ಸಾಯಲಿದ್ದೇವೆ. ‘ಸಾಯಹೊರಟವರು’ ಎಂದರೆ ತಾವಾಗಿ ಹೊರಟಂತೆ. ಇವರೋ ಹಿಡಿದು ತಂದ ಅಪರಾಧಿಗಳು. ಸಂಸ್ಕೃತದ ‘ಮುಮೂರ್ಷು’ ಅರ್ಥಕ್ಕೆ ಬಹಳ ಹತ್ತಿರ. ಆದರೆ ಅರ್ಧ ಓದುಗರು ಅದನ್ನು ‘ಮುಮುಕ್ಷು’ ಎಂದು ಓದಿಕೊಂಡು ಕೈಮುಗಿದಾರು.

ಇಷ್ಟು ತಲೆಕೆಡಿಸಿಕೊಳ್ಳುವುದಕ್ಕೆ ಕಾರಣ ಮುಂದಿನ ಮಾತು. ಕ್ಲಾಡಿಯಸ್ ‘ಔತ್ ನೋನ್’ ಎಂದನಂತೆ. ಅಕ್ಷರಶಃ ‘ಅಥವಾ ಇಲ್ಲ’. ಆ ‘ಇಲ್ಲ’ ಹೋಗಿ ತಗಲುವುದು ವಂದನೆಗಲ್ಲ, ‘ಮೊರಿತೂರಿ’ಗೆ. ಕ್ಷಮೆ ಸಿಕ್ಕಿತೆಂದುಕೊಂಡ ಅವರು ಕಾದಾಡಲು ಒಲ್ಲೆವೆಂದು ನಿಂತರು. ದೊರೆ ಬೆದರಿಸಿ, ಹುರಿದುಂಬಿಸಿ ಕಾಳಗಕ್ಕೆ ಇಳಿಸಬೇಕಾಯಿತು. ಕನ್ನಡದಲ್ಲಿ ‘ಸಾಯಲಿರುವವರು ನಿನಗೆ ವಂದಿಸುತ್ತಾರೆ’, ‘ಅಥವಾ ಇಲ್ಲ’ ಎಂದು ಬರೆದು ನೋಡಿ. ನಮ್ಮ ‘ಇಲ್ಲ’ ಕೊನೆಯ ಕ್ರಿಯಾಪದಕ್ಕೇ ಜೋತುಬೀಳುತ್ತದೆ; ವಂದಿಸುವುದಿಲ್ಲ ಎಂದಾಗಿ ಕಥೆಯೇ ಕೆಡುತ್ತದೆ.

ಸದ್ಯಕ್ಕೆ ಕ್ರಿಯಾಪದವನ್ನೇ ಕಿತ್ತುಹಾಕಿದ್ದೇನೆ: ‘ದೊರೆಯೇ, ಸಾಯಲಿರುವವರ ವಂದನೆ!’ ‘ಸಾಯದೆಯೂ ಇರಬಹುದು.’ ಅರ್ಥವೇನೋ ಕೂತಿತು, ಚುಟುಕುತನ ಹೋಯಿತು. ‘ಸಾಯು’ವನ್ನು ಮತ್ತೆ ಎತ್ತದೆ ಎರಡೇ ಪದಗಳಲ್ಲಿ ಆ ಉತ್ತರ ಹೇಳುವ ದಾರಿ ಯಾರಿಗಾದರೂ ಹೊಳೆಯುತ್ತದೆಯೇ?